ಕಪ್ಪೆ ಕೂಗಿದ ಮೇಲಿನ ಪೀಪಾಯಿ

ತಮ್ಮ ಆರಿನ್ ಐದನೆಯ ಪೀಪಾಯಿಯ ಕೊಳಾಯಿಯ ಮೇಲೆ ಕೈಯಿಟ್ಟದ್ದನ್ನು ಕಂಡು ಕೋರಾಗೆ ಮೈಯೆಲ್ಲ ಉರಿದುಹೋಯಿತು.

"ತಿರುಗಿಸಿದ್ರೆ ಕೈ ಮುರೀತೀನಿ," ಎಂದಳು.

"ಮುರಿ ನೋಡೋಣ. ಪಾಕದ ಮನೆ ನಂದು, ಪೀಪಾಯಿ ನಂದು."

ಹೇಳಿದ್ದು ಸುಳ್ಳಲ್ಲ. ಅಮೆರಿಕದ ವರ್ಮಾಂಟಿನ ಆ ಗುಡ್ಡದ ಎಂಟುನೂರು ಮೇಪಲ್ ಮರಗಳನ್ನೂ ಅವುಗಳ ಸಿಹಿ ರಸವನ್ನು ಪಾಕವಾಗುವಂತೆ ಕಾಯಿಸುವ ಈ ಮನೆಯನ್ನೂ ಅಪ್ಪ ಮಗನ ಹೆಸರಿಗೇ ಬರೆದಿದ್ದ. ಮಗಳಿಗೆ ಉಳಿದದ್ದು ಬೆರೆಸುವ ಕೆಲಸ. ಮೂವತ್ತೊಂದು ವರ್ಷ ಅದನ್ನು ಅವಳೇ ಮಾಡಿದ್ದಳು. ಮಾರ್ಚ್ ಮೊದಲ ವಾರದ ಪಾಕ ಒಣಹುಲ್ಲಿನ ಬಣ್ಣದ್ದು. ಕೊನೆಕೊನೆಯದು ಡಿಕಾಕ್ಷನ್ನಿನಷ್ಟು ಕಪ್ಪು. ದಿನಕ್ಕೊಂದು ಪುಟ್ಟ ಸೀಸೆಯಲ್ಲಿ ಮಾದರಿ ತುಂಬಿ ಕಿಟಕಿಯಲ್ಲಿ ಸಾಲಾಗಿ ಇಡುತ್ತಿದ್ದರು. ಆ ಸಾಲನ್ನು ಬೆಳಕಿಗೆ ನೋಡಿ, ಒಂದೊಂದನ್ನೂ ನೆಕ್ಕಿ, ತಿಳಿಗೆ ಇಷ್ಟು ಸೌಟು ಕಪ್ಪು ಎಂದು ಕೋರಾ ಹೇಳಿದರೆ ಮುಗಿಯಿತು. ಹಳೆಯ ಗಿರಾಕಿಗಳಿಗೆ ಪ್ರತಿವರ್ಷ ಅದೇ ಜೇನುಬಣ್ಣ, ಅದೇ ರುಚಿ.

ಈ ವರ್ಷ ಬಿಸಿಲು ಅವಸರ ಮಾಡಿತು. ತಿಳಿ ಪಾಕ ನಾಲ್ಕು ಪೀಪಾಯಿ ಆಯಿತು, ಬೆರೆಸಲು ಒಳ್ಳೆಯ ಕಪ್ಪು ಆಗಲೇ ಇಲ್ಲ. ಗುರುವಾರ ಹೊಂಡದಲ್ಲಿ ಕಪ್ಪೆಗಳು ಕೂಗಿದವು. ಕಪ್ಪೆ ಕೂಗಿತೆಂದರೆ ಮರ ಮೊಗ್ಗೊಡೆಯಿತು ಎಂದೇ ಲೆಕ್ಕ. ಆಮೇಲೆ ಇಳಿದ ರಸವನ್ನು ಕಾಯಿಸಿದರೆ ಹಳಸಿದ ಎಲೆಕೋಸಿನ ವಾಸನೆ. ಚೆಲ್ಲಿಬಿಡು ಎಂದಿದ್ದಳು ಕೋರಾ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆರಿನ್ ಶುಕ್ರವಾರ ಅದನ್ನೇ ಕಾಯಿಸಿ ಐದನೆಯ ಪೀಪಾಯಿ ತುಂಬಿದ್ದ. ನಾಲ್ಕು ಪೀಪಾಯಿ ತಿಳಿಯೂ ಈಗ ಬೆರೆಸುವ ತೊಟ್ಟಿಯಲ್ಲಿತ್ತು. ಕೊಳಾಯಿ ತಿರುಗಿದರೆ ಇದೂ ಅದಕ್ಕೇ ಸೇರಿ ವರ್ಷದ ದುಡಿಮೆಯೆಲ್ಲ ಹಾಳು.

"ಬಣ್ಣ ಅಳೆಯೋ ಯಂತ್ರ ಸರಿ ಇದೆ ಅಂತಿದೆ. ಇನ್ನೇನು ಬೇಕು ನಿಂಗೆ?" ಎಂದ ಆರಿನ್.

"ಯಂತ್ರಕ್ಕೆ ಮೂಗಿದೆಯೇನೋ? ಕೊಡ ಹಾಲಿಗೆ ತೊಟ್ಟು ಹುಳಿ ಸಾಕು. ತಿಳೀನ ತಿಳಿ ಅಂತಾನೇ ಮಾರು."

"ನಮ್ಮ ಗಿರಾಕಿಗಳು ಅದನ್ನ ಕೇಳಲ್ಲ. ನಾಳೆಯಿಂದ ನೀನು ಬರೋದೂ ಬೇಡ. ಯಂತ್ರ ಇದೆ, ನಾನಿದೀನಿ."

ಬರುವುದು ಬೇಡ! ಕೋರಾ ತುಟಿ ಕಚ್ಚಿಕೊಂಡಳು. ಗಂಡನಿಲ್ಲ, ಮಕ್ಕಳಿಲ್ಲ; ತನ್ನದು ಎಂದು ಇದ್ದದ್ದು ಈ ಕಿಟಕಿ, ಈ ಸೀಸೆಗಳು. ಅವಳು ಗೂಟದಿಂದ ಎರಡು ಬಟ್ಟಲು ತೆಗೆದಳು.

"ಸರಿ. ಕಣ್ಣು ಮುಚ್ಚು. ಕಪ್ಪೆ ಪೀಪಾಯಿ ಯಾವುದು, ತಿಳಿ ಯಾವುದು ಹೇಳು. ಸರಿಯಾಗಿ ಹೇಳಿದ್ರೆ ಈಗಲೇ ಹೊರಟೆ."

ಮೂಲೆಯಲ್ಲಿ ಸೋಸುವ ಬಟ್ಟೆ ಹಿಂಡುತ್ತಿದ್ದ ಆರಿನ್‌ನ ಹೆಂಡತಿ ನೆಟ್ಟಿ ತಟ್ಟನೆ ತಲೆಯೆತ್ತಿದಳು. "ಬೇಡ ಆರಿನ್. ಮಕ್ಕಳಾಟ ಇದು."

"ಕೊಡು ಇಲ್ಲಿ," ಎಂದು ಅವನು ಕಣ್ಣು ಮುಚ್ಚಿದ. ಕೋರಾ ಬಟ್ಟಲುಗಳನ್ನು ತುಂಬಿ ಅವನ ಎರಡೂ ಕೈಗೆ ಒಂದೊಂದು ಕೊಟ್ಟಳು.

ಮೊದಲನೆಯದನ್ನು ಕುಡಿದು ಬಾಯಿ ಚಪ್ಪರಿಸಿದ. ಎರಡನೆಯದನ್ನೂ ಕುಡಿದ. "ಎಡಗೈದು ಒಂಚೂರು ಗಡಸು. ಅದೇ ನಿನ್ನ ಕಪ್ಪೆ. ಬಲಗೈದು ಮೊದಲ ವಾರದ್ದು, ಹೂವಿನಂಥದ್ದು."

"ಎರಡೂ ಕಪ್ಪೆ ಪೀಪಾಯೀದೇ ಕಣೋ!"

ಕೋರಾ ನಕ್ಕಳು. ಒಳ್ಳೆಯ ನಗುವಲ್ಲ ಅದು. ಆರಿನ್‌ನ ಮುಖ ಸುಣ್ಣದಂತಾಯಿತು. ಅವನು ಬಟ್ಟಲುಗಳನ್ನು ನೆಲಕ್ಕೆ ಬಡಿದು ಹೊರಗೆ ಹೋದ.

"ಸಮಾಧಾನ ಆಯ್ತಾ?" ನೆಟ್ಟಿ ಒದ್ದೆ ಬಟ್ಟೆಯನ್ನು ಕೋರಾಳ ಕಾಲ ಬಳಿ ಎಸೆದಳು. "ಎರಡು ವರ್ಷದ ಹಿಂದೆ ಚಳಿಗಾಲದಲ್ಲಿ ಜ್ವರ ಬಂತಲ್ಲ, ಅವತ್ತಿಂದ ಅವನಿಗೆ ವಾಸನೆ ಇಲ್ಲ, ರುಚಿ ಇಲ್ಲ. ಮೇಪಲ್ ರೈತ ಇದನ್ನ ಯಾರ ಹತ್ರ ಹೇಳ್ಕೊಳ್ಳೋದು? ಯಂತ್ರ ಸುಮ್ನೆ ತಂದ ಅಂದ್ಕೊಂಡ್ಯಾ?"

"ನಂಗೆ ಹೇಳಬಹುದಿತ್ತು."

"ನಿಂಗೆ? ನನ್ನ ಬೀನ್ಸ್ ಕಾಳು ತಿಂದು ಚರ್ಚ್ ಊಟದಲ್ಲಿ ಏನಂದೆ? 'ಇದಕ್ಕೆ ಹಸುಗಳನ್ನ ಕರೀರಿ, ಉಪ್ಪು ನೆಕ್ಕಲಿ' ಅಂದೆ. ಎರಡು ವರ್ಷ ಆಯ್ತು, ಊರವರು ಇನ್ನೂ ನನ್ನ ನೋಡಿ ಅಂಬಾ ಅಂತಾರೆ. ಉಪ್ಪು ಹಾಕೋನು ಅವನು, ಕೋರಾ. ನಾಲಿಗೆಗೆ ಏನಾದ್ರೂ ತಾಗಲಿ ಅಂತ ಪಾತ್ರೆಗೇ ಸುರೀತಾನೆ. ಅವನ ಗುಟ್ಟು ಉಳೀಲಿ ಅಂತ ನಾನು ಬಾಯಿ ಮುಚ್ಕೊಂಡಿದ್ದೆ."

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಇಲ್ಲಿ ಹೋದದ್ದು ಕಾಳಿಗೆ, ಕಳೆದವಳು ತಾನು. ಕೋರಾಗೆ ನಾಚಿಕೆಯಾಯಿತು, ನಾಚಿಕೆಯಾದದ್ದಕ್ಕೆ ಸಿಟ್ಟೂ ಬಂತು. ಕಪ್ಪೆ ಪೀಪಾಯಿಯನ್ನು ಒಬ್ಬಳೇ ಹೊರಗೆ ಉರುಳಿಸಿ ಹಳ್ಳಕ್ಕೆ ಚೆಲ್ಲಿದಳು. ಕಟ್ಟಿಗೆ ರಾಶಿಯ ಮೇಲೆ ಕೂತಿದ್ದ ಆರಿನ್ ನೋಡಿದ, ತಡೆಯಲಿಲ್ಲ.

ಮುಂದಿನ ಶನಿವಾರ ಚರ್ಚ್ ಊಟ. ಮಕ್ಕಳು ಊರಿನ ವಾಡಿಕೆಯಂತೆ ತಟ್ಟೆಯ ಹಿಮದ ಮೇಲೆ ಬಿಸಿ ಪಾಕ ಹುಯ್ಯಿಸಿಕೊಂಡು ಉಪ್ಪಿನಕಾಯಿ ನಂಚಿಕೊಳ್ಳುತ್ತಿದ್ದರು. ನೆಟ್ಟಿ ಬೀನ್ಸ್ ಪಾತ್ರೆ ಹಿಡಿದು ಬಂದಳು. ಅಂಚೆಯವನು ಒಂದು ಚಮಚ ತಿಂದು ಮುಖ ಕಿವಿಚಿದ. "ಯಾರಾದ್ರೂ ಹಸು ಹೊಡ್ಕೊಂಡು ಬನ್ರಪ್ಪ!"

ಉದ್ದ ಮೇಜೆಲ್ಲ ನಕ್ಕಿತು. ಆರಿನ್ ತಟ್ಟೆ ನೋಡುತ್ತ ಕೂತ.

"ಉಪ್ಪು ಸುರಿದಿದ್ದು ನಾನು," ಎಂದಳು ಕೋರಾ, ಎದ್ದು ನಿಂತು. "ಇವತ್ತೊಂದೇ ದಿನ ಅಲ್ಲ, ಎರಡು ವರ್ಷದಿಂದ. ಅವಳು ಆ ಕಡೆ ತಿರುಗಿದಾಗ ಹಾಕ್ತಿದ್ದೆ. ಹೊಟ್ಟೆಕಿಚ್ಚು."

ಯಾರೂ ನಗಲಿಲ್ಲ. ಯಾರಿಗೂ ಅನುಮಾನವೂ ಬರಲಿಲ್ಲ. ಕೋರಾ ಅಂಥವಳೇ ಎಂದು ಊರು ಕೂಡಲೇ ನಂಬಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಕುರ್ಚಿಯನ್ನು ಆಚೆಗೆ ಎಳೆದುಕೊಂಡಳು.

ನೆಟ್ಟಿ ಬಂದು ಎದುರಿಗೆ ನಿಂತಳು. ಅವಳ ಮುಖದ ಬಿಗಿ ಇಳಿದಿರಲಿಲ್ಲ. ಕೋರಾಳ ತಟ್ಟೆಗೆ ಮೂರು ಸೌಟು ಕಾಳು ಬಡಿಸಿದಳು.

"ತಿನ್ನು ಹಾಗಾದ್ರೆ," ಎಂದಳು. "ಒಂದೂ ಬಿಡಬಾರದು."

ಕೋರಾ ಕೂತು ತಿನ್ನತೊಡಗಿದಳು. ಅವಳ ನಾಲಿಗೆಗೆ ಒಂದೊಂದು ಕಾಳಿನ ಉಪ್ಪೂ ಬೇರೆಬೇರೆಯಾಗಿ ತಿಳಿಯುತ್ತಿತ್ತು.