ದಿನಕ್ಕೊಂದಿಷ್ಟು ಕಡಿಮೆ

ಹೊಳೆಯಪ್ಪ ಧಾರವಾಡದ ಜೈಲಿನಿಂದ ಹೊರಬಂದಾಗ ಅವನನ್ನು ಮನೆಗೆ ಕರೆದುಕೊಳ್ಳುವ ಧೈರ್ಯ ಮಾಡಿದವಳು ಅಕ್ಕ ರೇಣವ್ವ ಒಬ್ಬಳೇ. ಹುಬ್ಬಳ್ಳಿಯ ಅರಳೆ ಗಿರಣಿಯಲ್ಲಿ ಹತ್ತಿ ಆರಿಸುವ ವಿಧವೆ ಅವಳು. ಉಳಿದ ಬಳಗದವರು ಅವನ ಹೆಸರೆತ್ತಿದರೆ ಕಿವುಡರಾಗುತ್ತಿದ್ದರು. ದೊಡ್ಡ ಮರ್ಯಾದಸ್ಥರು ಪಾಪ. ಅಫೀಮಿನ ಚಟಕ್ಕೆ ಬಿದ್ದು ಯಾರದೋ ಮನೆಯ ತಾಮ್ರದ ಹಂಡೆ ಕದ್ದದ್ದಕ್ಕೆ ಹೊಳೆಯಪ್ಪ ಹದಿನಾಲ್ಕು ತಿಂಗಳು ಒಳಗಿದ್ದ.

ಜೈಲಿನ ಡಾಕ್ಟರರು ಚಟವನ್ನು ಒಮ್ಮೆಲೇ ಕಸಿದುಕೊಳ್ಳಲಿಲ್ಲ. ಒಳಗೆ ಹೋದ ಮೊದಲ ದಿನ ಅವನ ರೂಢಿಯ ಗುಳಿಗೆ, ಕಡಲೆಕಾಳಿನಷ್ಟು. ಆಮೇಲೆ ದಿನಕ್ಕೊಂದಿಷ್ಟು ಕಡಿಮೆ. ತಿಂಗಳು ತುಂಬುವಷ್ಟರಲ್ಲಿ ಪೂರ್ತಿ ಬಂದ್. ಭೇಟಿಗೆ ಹೋದಾಗ ರೇಣವ್ವ ಇದನ್ನು ತಮ್ಮನಿಂದ ಎರಡೆರಡು ಸಲ ಕೇಳಿ ಬಾಯಿಪಾಠ ಮಾಡಿಕೊಂಡಿದ್ದಳು.

ಬಿಡುಗಡೆಯಾದವರಿಗೆ ನೆರವಾಗುವ ಸಂಘದ ಶಾಂತಯ್ಯ ಮಾಸ್ತರರು, ಇವಳು ತಮ್ಮನನ್ನು ಇಟ್ಟುಕೊಳ್ಳುತ್ತಾಳೋ ಇಲ್ಲವೋ ಎಂದು ಮೊದಲೇ ನಾಲ್ಕು ಸಲ ಬಂದು ವಿಚಾರಿಸಿದ್ದರು. ಗಿರಣಿಯ ಕಾವಲು ಕೆಲಸಕ್ಕೆ ಚೀಟಿಯನ್ನೂ ಬರೆದುಕೊಟ್ಟರು. ಕಳ್ಳನ ಕೈಗೆ ಕೀಲಿ ಕೊಡಬೇಕೇನು ಎಂದು ಅಲ್ಲಿಯ ಮ್ಯಾನೇಜರ್ ನಕ್ಕನಂತೆ. ಹಮಾಲರೂ ನಕ್ಕರಂತೆ. ಹೊಳೆಯಪ್ಪ ಮೂರು ದಿನ ಬೇರೆ ಬಾಗಿಲುಗಳಿಗೆ ಅಲೆದ. ನಾಲ್ಕನೆಯ ದಿನ ಮಧ್ಯಾಹ್ನ ಬಂದು ಒಲೆಯ ಮುಂದೆ ಕುಸಿದು ಕೂತ.

"ಅಕ್ಕಾ, ಅಫೀಮು ಸಾಸಿವಿಕಾಳಷ್ಟ ಸಿಕ್ಕರೂ ಸಾಕು. ಇಲ್ಲಂದ್ರ ಮತ್ತ ಎಲ್ಲ್ಯಾರ ಕೈ ಹಾಕ್ತೇನಿ. ನನ್ನ ಕೈ ನನ್ನ ಮಾತ ಕೇಳೂದಿಲ್ಲ."

ಇನ್ನೊಮ್ಮೆ ಒಳಗೆ ಹೋದರೆ ಇವನು ಹೊರಬರುವವನಲ್ಲ. ರೇಣವ್ವ ಮಾಸ್ತರರ ಮನೆಗೆ ಓಡಿದಳು, ಅವರು ಊರಲ್ಲಿರಲಿಲ್ಲ. ಆಗ ಡಾಕ್ಟರರ ಪದ್ಧತಿ ನೆನಪಾಯಿತು. ಸಂಬಂಧವಿಲ್ಲದ ಡಾಕ್ಟರರು ಬಿಡಿಸಿದ್ದನ್ನು ಒಡಹುಟ್ಟಿದವಳು ಬಿಡಿಸಲಾರಳೇ? ಆಗಿನ ಕಾಲದ ಸರಕಾರಿ ಪರವಾನಗಿಯ ಅಂಗಡಿಯಿಂದ ಅಫೀಮು ತಂದು ಕೈಯಾರೆ ಗುಳಿಗೆ ಕಟ್ಟಿದಳು. ಕಡಲೆಕಾಳಿನಷ್ಟು.

ಇಷ್ಟು ದೊಡ್ಡದೇ ಎಂದು ಅವನು ಅನುಮಾನಿಸಿದ.

"ಡಾಕ್ಟರ ಹೆಂಗ ಇಳಿಸಿದ್ರೋ ಹಂಗ ನಾನೂ ಇಳಿಸ್ತೇನಿ," ಎಂದಳು ರೇಣವ್ವ. "ಮೊದಲಿನ ಅಳತಿಯಿಂದ ಚಾಲೂ ಮಾಡಬೇಕು. ನಾಳಿ ಇದಕ್ಕಿಂತ ಸಣ್ಣದು. ನೀ ಮಾತ್ರ ಎಲ್ಲಿಗೂ ಹೋಗಬ್ಯಾಡ."

ಅವನು ನುಂಗಿದ. ಸ್ವಲ್ಪ ಹೊತ್ತಿಗೆ ಕಂಬಳಿಯ ಮೇಲೆ ಉರುಳಿ ಗೊರಕೆ ಹೊಡೆಯತೊಡಗಿದ. ಎಷ್ಟು ದಿನಕ್ಕೆ ನಿದ್ದೆ ಬಂತೋ ಎಂದು ಅವಳಿಗೆ ಸಮಾಧಾನವಾಯಿತು. ರೊಟ್ಟಿ ಬಡಿದರೆ ಎಚ್ಚರವಾದೀತೆಂದು ಒಲೆಯನ್ನೂ ಹಚ್ಚಲಿಲ್ಲ. ಗೊರಕೆ ನಿಂತಾಗ, ಈಗ ಒಳ್ಳೆಯ ನಿದ್ದೆ ಹತ್ತಿತು ಅಂದುಕೊಂಡಳು. ಸಂಜೆ ಎಬ್ಬಿಸಲು ಹೋದರೆ ತುಟಿ ಕಪ್ಪಿಟ್ಟು ಮೈ ತಣ್ಣಗಾಗಿತ್ತು.

ಮರುದಿನ ಪೊಲೀಸಿನ ಕಾಸಿಮಸಾಬ ಬಂದು ಕೇಳಿದಾಗ ಅವಳು ಒಂದನ್ನೂ ಮುಚ್ಚಿಡದೆ ಹೇಳಿದಳು. ಸುದ್ದಿ ತಿಳಿದು ಶಾಂತಯ್ಯ ಮಾಸ್ತರರೂ ಓಡಿಬಂದಿದ್ದರು.

"ಡಾಕ್ಟರ ಅಷ್ಟ ಕೊಟ್ಟಾಗ ಬದುಕಿದ್ನಲ್ರಿ," ಎಂದಳು ಅವರಿಗೆ. "ನಾ ಎಲ್ಲಿ ತಪ್ಪಿದೆ?"

ಮಾಸ್ತರರು ತಡವರಿಸುತ್ತ ಹೇಳಿದರು: ವರ್ಷಕ್ಕೂ ಹೆಚ್ಚು ಕಾಲ ಬಿಟ್ಟ ಮೈ ಹಳೆಯ ಅಳತೆಯನ್ನು ತಾಳುವುದಿಲ್ಲ; ಜೈಲಿನಿಂದ ಬಂದವರು ಹೀಗೆ ಸತ್ತದ್ದನ್ನು ಅವರು ಹಿಂದೆಯೂ ಕಂಡಿದ್ದರು.

ರೇಣವ್ವ ಅವರ ಮುಖವನ್ನೇ ನೋಡಿದಳು.

"ನಾಕ ಸಲ ಈ ಮನಿಗೆ ಬಂದಿದ್ರಿ ಮಾಸ್ತರ. ಇದನ್ನ ಒಂದ ಸಲಾನೂ ಯಾಕ ಹೇಳಲಿಲ್ರಿ?"