ಎಡಗಡೆಯ ಹಿಂದಿನ ಬಾಗಿಲು

“ಪಿನ್ ತೆಗಿ. ಇಲ್ಲೇ ತೆಗಿ. ಒಳಗ್ ಹೋಗಿ ಎಸೆದು ಬಂದ್ಬಿಟ್ರೆ ಆಮೇಲ್ ನಾನ್ ಯಾರನ್ ಕೇಳ್ಲಿ?”

ಸರ್ವೀಸ್ ಮ್ಯಾನೇಜರು ಇದನ್ನು ಹೇಳಿದ್ದು ನನ್ನ ಓರಗಿತ್ತಿಗೆ. ಕಾರು ತೊಳೆಯುವ ಕಟ್ಟೆಯ ಮುಂದಿನ ಅಂಗಳದಲ್ಲಿ, ಹಾಡಹಗಲಲ್ಲಿ, ಆರು ಜನ ಗಂಡಸರ ಎದುರಿಗೆ. ಅವಳ ಅಂಗಿಯ ಎದೆಯ ಹತ್ತಿರ ಚುಚ್ಚಿಕೊಂಡಿದ್ದ ಪಿನ್ನಿಗಾಗಿ ಅವನು ಅಂಗೈ ಚಾಚಿಕೊಂಡು ನಿಂತಿದ್ದ. ನಾವು ಅವನಿಗೆ ಇಟ್ಟಿರುವ ಹೆಸರು ಇಸ್ತ್ರಿ. ಅವನ ಅಂಗಿತೋಳಿನ ಗೆರೆಯಲ್ಲಿ ಬೇಕಾದರೆ ಸೌತೆಕಾಯಿ ಹೆಚ್ಚಬಹುದು.

ಆ ಪಿನ್ನು ಅಲ್ಲಿಗೆ ಹೇಗೆ ಬಂತು ಎನ್ನುವುದನ್ನು ಹೇಳಲೇಬೇಕು. ತೊಳೆಯುವವರಿಗೆ ಕಂಪನಿ ಕೊಡುವ ಅಂಗಿಗೆ ಗುಂಡಿ ಇರುವುದಿಲ್ಲ. ಗುಂಡಿ ತಾಗಿದರೆ ಕಾರಿನ ಬಣ್ಣಕ್ಕೆ ಗೀರು ಬೀಳುತ್ತದಂತೆ. ಗುಂಡಿಯ ಬದಲು, ಎಳೆದರೆ ಪರಪರ ಎಂದು ಬಿಟ್ಟುಕೊಳ್ಳುವ ಅಂಟುಪಟ್ಟಿ ಹೊಲಿದಿರುತ್ತಾರೆ. ದಿನಕ್ಕೆ ಇಪ್ಪತ್ತು ಕಾರು ತೊಳೆದು, ಸೋಪಿನ ನೀರಲ್ಲಿ ನೆನೆದು ನೆನೆದು, ಆ ಪಟ್ಟಿ ಮೂರೇ ತಿಂಗಳಿಗೆ ಜೀವ ಬಿಡುತ್ತದೆ. ಹೊಸ ಅಂಗಿ ಕೇಳಿದರೆ ವರ್ಷಕ್ಕೆ ಒಂದೇ ಎನ್ನುತ್ತಾರೆ. ಉಳಿದ ಒಂಬತ್ತು ತಿಂಗಳು ನಾವೇನು ಎದೆ ಬಿಟ್ಟುಕೊಂಡು ತೊಳೆಯಬೇಕೇ? ಅದಕ್ಕೇ ಪಿನ್ನು. ಅದನ್ನೂ ಒಳಗಡೆಯಿಂದ ಚುಚ್ಚಿ, ಮೇಲೆ ಬಟ್ಟೆ ಮಡಚಿ, ತುದಿ ಎಲ್ಲೂ ತಾಗದ ಹಾಗೆ ನೋಡಿಕೊಳ್ಳುತ್ತೇವೆ. ನನ್ನ ಅಂಗಿಯಲ್ಲಿ ಎರಡಿದ್ದವು. ನನ್ನನ್ನು ಯಾರೂ ಕೇಳಲಿಲ್ಲ.

ಓರಗಿತ್ತಿ ತಲೆ ತಗ್ಗಿಸಿ ಪಿನ್ನು ಬಿಚ್ಚಿದಳು. ಅಂಗಿ ಬಾಯಿ ಬಿಟ್ಟಿತು. ಎಡಗೈಯಲ್ಲಿ ಅದನ್ನು ಮುದುರಿ ಹಿಡಿದುಕೊಂಡು ಬಲಗೈಯಲ್ಲಿ ಪಿನ್ನು ಕೊಟ್ಟಳು. ಎಣ್ಣೆ ಬದಲಾಯಿಸುವ ಹುಡುಗರು ಮುಖ ಬೇರೆ ಕಡೆ ತಿರುಗಿಸಿದರು, ಅಷ್ಟು ಮರ್ಯಾದೆ ಅವರಿಗಿತ್ತು. ಇಸ್ತ್ರಿ ಆ ಪಿನ್ನನ್ನು ಬಿಳಿ ಕಾರಿನ ಎಡಗಡೆಯ ಹಿಂದಿನ ಬಾಗಿಲಿಗೆ ಹಿಡಿದು ತೋರಿಸಿದ. ಬಾಗಿಲಿನ ಕೆಳಭಾಗದಲ್ಲಿ ಒಂದೂವರೆ ಗೇಣು ಉದ್ದದ ಗೆರೆ ಇತ್ತು.

“ನೋಡಿ ಸರ್, ಇದೇ ಆಗಿದೆ. ನಮ್ ಕಡೆಯಿಂದಾನೇ ತಪ್ಪಾಗಿದೆ.”

ಕಾರಿನವನು ಬಗ್ಗಿ ಕೂಡ ನೋಡಲಿಲ್ಲ. “ಇಂಥವ್ರನ್ನೆಲ್ಲ ಯಾಕ್ ಇಟ್ಕೊಂಡಿದೀರ ಮಾರಾಯ್ರೇ,” ಎಂದ. ಏನನ್ನೂ ಮುಟ್ಟದಿದ್ದರೂ ಜೇಬಿನಿಂದ ಕರವಸ್ತ್ರ ತೆಗೆದು ಕೈ ಒರೆಸಿಕೊಂಡ.

ಅವನನ್ನು ಕಾರಿನವನು ಎನ್ನುತ್ತೇನೆ, ಆದರೆ ಕಾರು ಅವನದಲ್ಲ. ಲೀಸಿನದು. ಮೂರು ವರ್ಷ ಓಡಿಸಿ, ತಿಂಗಳು ತಿಂಗಳು ಬಾಡಿಗೆ ಕಟ್ಟಿ, ಅವಧಿ ಮುಗಿದ ದಿನ ನಮ್ಮ ಶೋರೂಮಿನಲ್ಲೇ ಲೀಸು ಕಂಪನಿಗೆ ವಾಪಸು ಕೊಡಬೇಕು. ಕೊಡುವಾಗ ಎಲ್ಲಾದರೂ ನೆಗ್ಗಿದ್ದರೆ, ಗೀಚಿದ್ದರೆ, ಅದರ ಖರ್ಚು ಅವನ ತಲೆಗೆ. ಇವನ ಅವಧಿ ಆ ವಾರ ಮುಗಿಯುತ್ತಿತ್ತು. ವಾಪಸು ಕೊಡುವ ಮುಂಚೆ ಸರ್ವೀಸಿಗೆ ಬಿಟ್ಟು ಹೋಗಿದ್ದ. ಮಧ್ಯಾಹ್ನ ಬಂದು, ಬಿಡುವಾಗ ಇಲ್ಲದ ಗೆರೆ ಈಗ ಎಲ್ಲಿಂದ ಬಂತು ಎಂದು ಕೂಗಾಡಿದ. ಅವನ ಆಫೀಸಿನಲ್ಲಿ ಇಂಥವೇ ಮೂವತ್ತು ಕಾರುಗಳಿದ್ದು, ಮುಂದಿನ ಲೀಸು ಯಾರ ಹತ್ತಿರ ಎನ್ನುವುದು ಅವನ ಒಂದು ಸಹಿಯಲ್ಲಿತ್ತು. ಇಸ್ತ್ರಿಗೆ ಇಷ್ಟು ಸಾಕಾಯಿತು.

ನಿಜ ಏನೆಂದು ನಮಗೆ ಬೆಳಗ್ಗೆಯೇ ಗೊತ್ತಾಗಿತ್ತು.

ನಾನೂ ನನ್ನ ಓರಗಿತ್ತಿಯೂ ನಾಲ್ಕು ವರ್ಷದಿಂದ ಒಂದೇ ಕಾರಿನ ಎರಡು ಮಗ್ಗುಲು ತೊಳೆಯುತ್ತೇವೆ, ಎಡಗಡೆ ಅವಳದು, ಬಲಗಡೆ ನನ್ನದು. ಆರು ತಿಂಗಳಿಂದ ಮಾತಿಲ್ಲ. ಅತ್ತೆ ಸತ್ತ ಮೇಲೆ ಉಳಿದದ್ದು ಒಂದು ಹೊಲಿಗೆ ಮಿಷನ್ನು. ಅವಳು ದೊಡ್ಡ ಸೊಸೆ, ತನಗೆ ಸೇರಬೇಕು ಎಂದಳು. ಹೊಲಿಯಲು ಬರುವುದು ನನಗೆ, ನನಗೆ ಸೇರಬೇಕು ಎಂದೆ. ಆಡಬಾರದ್ದೆಲ್ಲ ಆಡಿಕೊಂಡೆವು. ಅಂದಿನಿಂದ ಮನೆಯಲ್ಲಿ ಗೋಡೆಗೆ ಮಾತು, ಇಲ್ಲಿ ಬಕೆಟ್ಟಿಗೆ ಮಾತು. ಬಕೆಟ್ಟಿನ ಅಂಚಿಗೆ ಒಮ್ಮೆ ತಟ್ಟಿದರೆ ಸೋಪು, ಎರಡು ಸಲ ತಟ್ಟಿದರೆ ನೀರು. ಇಡೀ ವರ್ಕ್‌ಶಾಪು ನಮ್ಮನ್ನು ನೋಡಿ ನಗುತ್ತದೆ.

ಆ ದಿನ ಬೆಳಗ್ಗೆ ಅವಳು ತಟ್ಟಲಿಲ್ಲ. ಕಾರು ಸುತ್ತಿಕೊಂಡು ಈ ಕಡೆಗೆ ಬಂದು, ನನ್ನ ಮಣಿಕಟ್ಟು ಹಿಡಿದು ಎಳೆದುಕೊಂಡು ಹೋಗಿ, ನನ್ನ ಅಂಗೈಯನ್ನು ಆ ಬಾಗಿಲ ಮೇಲೆ ಒತ್ತಿದಳು. ಸೋಪು ಹಚ್ಚಿದ ಅಂಗೈಗೆ ಕಣ್ಣಿಗಿಂತ ಹೆಚ್ಚು ತಿಳಿಯುತ್ತದೆ. ತಗಡು ನುಣ್ಣಗೆ ಬರುತ್ತಾ ಬರುತ್ತಾ ಒಂದು ಕಡೆ ಉಬ್ಬಿ, ಮತ್ತೆ ತಗ್ಗಾಯಿತು. ಗೆಣ್ಣಿನಿಂದ ತಟ್ಟಿದೆ. ಬೇರೆ ಕಡೆ ಠಣ್ ಎನ್ನುವುದು ಅಲ್ಲಿ ಡಬ್ ಎಂದಿತು. ಒಳಗೆ ನೆಗ್ಗು ತುಂಬುವ ಪುಟ್ಟಿ. ಎಲ್ಲಿಗೋ ಗುದ್ದಿ, ಯಾವುದೋ ರಸ್ತೆ ಬದಿಯ ಅಂಗಡಿಯಲ್ಲಿ ಪುಟ್ಟಿ ಮೆತ್ತಿಸಿ, ಬಣ್ಣ ಹೊಡೆಸಿದ್ದಾನೆ. ಆ ಪುಟ್ಟಿಯೇ ಬಿರಿಯತೊಡಗಿತ್ತು. ಗೆರೆ ಎಂದರೆ ಅದೇ.

ಇಬ್ಬರೂ ಹೋಗಿ ಅಡ್ವೈಸರನಿಗೆ ಹೇಳಿದೆವು. ಕಾರು ಒಳಗೆ ಬಂದಾಗ ಜಾಬ್ ಕಾರ್ಡಿನಲ್ಲಿ ಕಾರಿನ ಚಿತ್ರವಿರುತ್ತದೆ, ಎಲ್ಲಿ ಏನು ಏಟಾಗಿದೆಯೋ ಅಲ್ಲಿ ಗುರುತು ಹಾಕುವುದು ಅವನ ಕೆಲಸ. ಈ ಕಾರಿನ ಕಾರ್ಡಿನಲ್ಲಿ ಚಿತ್ರ ಹಾಲಿನ ಹಾಗೆ ಬೆಳ್ಳಗಿತ್ತು. ದೊಡ್ಡ ಗಿರಾಕಿಯ ಮುಂದೆ ಬಗ್ಗಿ ಬಾಗಿಲು ನೋಡಿದರೆ ಅವಮಾನವಾಗುತ್ತದೆಂದು ಅವನು ನೋಡಿಯೇ ಇರಲಿಲ್ಲ. ನಿಮ್ಮ ಕೆಲಸ ತೊಳೆಯೋದು, ಪರೀಕ್ಷೆ ಮಾಡೋದಲ್ಲ ಎಂದು ನಮ್ಮನ್ನು ಅಟ್ಟಿದ. ಮಧ್ಯಾಹ್ನ ಇಸ್ತ್ರಿ ಕೇಳಿದಾಗ ಅದೇ ನಾಲಿಗೆಯಲ್ಲಿ, ಬೆಳಗ್ಗೆ ಯಾರೂ ಏನೂ ಹೇಳಿರಲಿಲ್ಲ ಎಂದ.

ಪಿನ್ನು ಕಿತ್ತುಕೊಂಡ ಅರ್ಧ ಗಂಟೆಗೆ ಇಸ್ತ್ರಿ ನನ್ನೊಬ್ಬಳನ್ನೇ ಗಾಜಿನ ಕೋಣೆಗೆ ಕರೆಸಿದ. ನಾಲ್ಕು ವರ್ಷದಲ್ಲಿ ಮೊದಲ ಸಲ ಕೂತುಕೋ ಎಂದ. ನಾನು ಕೂರುವ ಮುಂಚೆ ಎದ್ದುಬಂದು ಕುರ್ಚಿಯ ಮೇಲೆ ಹಳೇ ಪೇಪರು ಹಾಸಿದ. ನನ್ನ ಪ್ಯಾಂಟು ಒದ್ದೆಯಾಗಿತ್ತಲ್ಲ.

ಮೇಜಿನ ಮೇಲೆ ಒಂದು ಹಾಳೆ ಟೈಪು ಮಾಡಿ ಇಟ್ಟಿದ್ದ. ತೊಳೆಯುವಾಗ ನನ್ನ ಜೊತೆಗಾರ್ತಿಯ ಅಂಗಿಯ ಪಿನ್ನು ತಾಗಿ ಬಾಗಿಲಿಗೆ ಗೀರು ಬಿದ್ದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ ಎಂದು ಅದರಲ್ಲಿತ್ತು. ಕೆಳಗೆ ನನ್ನ ಸಹಿಗೆ ಜಾಗ. ವಿಮೆಯವರಿಗೆ ತಪ್ಪು ಮಾಡಿದವರ ಹೆಸರೂ ನೋಡಿದವರ ಸಹಿಯೂ ಬೇಕಂತೆ. ಆಮೇಲೆ ಅವರೇ ಬಾಗಿಲು ಸರಿಮಾಡಿಸುತ್ತಾರೆ, ಗಿರಾಕಿ ಖುಷಿಯಾಗಿ ಮನೆಗೆ ಹೋಗುತ್ತಾನೆ. ಓರಗಿತ್ತಿ ಏನಾಗುತ್ತಾಳೆ ಎಂದು ಕೇಳಿದೆ. ಇವತ್ತೇ ಕಳಿಸುತ್ತೇನೆ ಎಂದ. ಅವಳ ಹೆಸರು ಉಳಿದ ಶೋರೂಮುಗಳಿಗೂ ಹೋಗುತ್ತದೆ ಎಂದೂ ಹೇಳಿದ. ಎಂದರೆ ಈ ಊರಲ್ಲಿ ಅವಳಿಗೆ ಮತ್ತೆ ಯಾರೂ ಬಟ್ಟೆ ಬಕೆಟ್ಟು ಕೊಡುವುದಿಲ್ಲ.

“ನಿಮ್ಮಿಬ್ರಿಗೂ ಆಗ್ಬರಲ್ಲ ಅಂತ ಎಲ್ರಿಗೂ ಗೊತ್ತು,” ಎಂದು ಅವನು ದನಿ ಇಳಿಸಿದ. “ನಿನಗೇನ್ ನಷ್ಟ ಹೇಳು. ನಾಳೆಯಿಂದ ತೊಳೆಯೋರಿಗೆಲ್ಲ ನೀನೇ ಮೇಸ್ತ್ರಿ. ನೀರಿಗೆ ಇಳಿಯೋದೇ ಬೇಡ.”

ಸುಳ್ಳು ಯಾಕೆ ಹೇಳಲಿ, ನನಗೆ ಆಸೆಯಾಯಿತು. ನನ್ನ ಕಾಲ್ಬೆರಳ ಸಂದಿ ನಾಲ್ಕು ವರ್ಷದಿಂದ ಒಣಗಿಲ್ಲ. ಚರ್ಮ ಸುಲಿದು ಬೆಳ್ಳಗಾಗಿದೆ, ರಾತ್ರಿ ಉರಿಯುತ್ತದೆ. ನೀರಿಗೆ ಇಳಿಯುವುದು ಬೇಡ ಎಂದ ಕೂಡಲೇ ಕಾಲೇ ಹೌದು ಎಂದಿತು. ಹೊಲಿಗೆ ಮಿಷನ್ನೂ ಕಣ್ಣ ಮುಂದೆ ಬಂತು. ಕೆಲಸ ಕಳೆದುಕೊಂಡವಳು ಅದಕ್ಕಾಗಿ ನನ್ನ ಜೊತೆ ಎಷ್ಟು ದಿನ ಜಗಳ ಕಾದಾಳು? ಇಷ್ಟೆಲ್ಲ ಯೋಚಿಸಿದ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಇವನು ಇಡೀ ವರ್ಕ್‌ಶಾಪಿನಲ್ಲಿ ಹುಡುಕಿ ನನ್ನನ್ನೇ ಆರಿಸಿದ್ದಾನೆ, ಏಕೆಂದರೆ ನಾನು ಅಂಥವಳೇ ಎಂದು ಅವನಿಗೆ ನಂಬಿಕೆ ಇದೆ.

ಒದ್ದೆ ಕೈ ಸಾರ್, ಹಾಳೆ ಹಾಳಾಗುತ್ತದೆ ಎಂದೆ. ಹಾಗಾದರೆ ಮೊದಲು ಕಾರು ತೊಳೆದು, ಕೈ ಒರೆಸಿಕೊಂಡು ಬಂದು ಸಹಿ ಹಾಕು ಎಂದ. ಬೆಳಗ್ಗೆ ತೊಳೆದ ಕಾರು ಅಂಗಳದಲ್ಲಿ ನಿಂತು ಮತ್ತೆ ಧೂಳು ಹಿಡಿದಿತ್ತು. ಲೀಸು ಕಂಪನಿಯಿಂದ ಫೋಟೋ ತೆಗೆಯುವವನು ಬಂದಾಗಿತ್ತು. ವಿಮೆಗೆ ಫೋಟೋ ಚೆನ್ನಾಗಿ ಬರಬೇಕಿತ್ತು.

ಕಾರು ಮತ್ತೆ ಕಟ್ಟೆಗೆ ಬಂತು. ಎದುರಿಗೆ ದೊಡ್ಡ ಗಾಜು, ಅದರ ಹಿಂದೆ ಗಿರಾಕಿಗಳು ಕೂರುವ ಹಾಲ್. ಸೋಫಾದ ಮೇಲೆ ಹತ್ತು ಹನ್ನೆರಡು ಜನ ಕಾಫಿ ಕುಡಿಯುತ್ತಾ, ತಮ್ಮ ಕಾರು ಮೀಯುವುದನ್ನು ಮಗುವಿಗೆ ಸ್ನಾನ ಮಾಡಿಸುವುದನ್ನು ನೋಡುವಂತೆ ನೋಡುತ್ತಾರೆ. ನಮ್ಮನ್ನು ನೋಡುವುದಿಲ್ಲ. ಇಸ್ತ್ರಿ, ಕಾರಿನವನು, ಫೋಟೋದವನು ಕಟ್ಟೆಯ ಅಂಚಿನಲ್ಲಿ ಬೂಟಿಗೆ ನೀರು ತಾಗದಷ್ಟು ದೂರ ನಿಂತರು. ಓರಗಿತ್ತಿ ಪಂಪಿನ ಗೋಡೆಗೆ ಒರಗಿ ನಿಂತಿದ್ದಳು. ಲೆಕ್ಕ ಚುಕ್ತಾ ಮಾಡುವವರೆಗೆ ಅಲ್ಲೇ ಇರು ಎಂದಿದ್ದರಂತೆ. ಒಂದು ಕೈ ಇನ್ನೂ ಅಂಗಿಯ ಮೇಲೆಯೇ ಇತ್ತು. ನನ್ನ ಮುಖ ನೋಡಿದಳು. ನಾನು ಒಳಗೆ ಹೋಗಿ ಬಂದದ್ದು ಅವಳಿಗೆ ಗೊತ್ತಿತ್ತು, ಯಾಕೆಂದೂ ಗೊತ್ತಿತ್ತು.

ಬಕೆಟ್ಟು ಮುಟ್ಟಲಿಲ್ಲ. ಪಂಪು ಹಾಕಿ ಪೈಪು ಕೈಗೆ ತೆಗೆದುಕೊಂಡೆ.

ಒತ್ತಡದ ನೀರಿನ ಪೈಪು ಎಂದರೆ ಆಟದ ಸಾಮಾನಲ್ಲ. ಒಂದು ಮಾರು ದೂರದಿಂದ ಹೊಡೆದರೆ ಕೆಸರು ಹೋಗುತ್ತದೆ. ಹತ್ತಿರ ಹಿಡಿದರೆ ಚರ್ಮ ಸೀಳುತ್ತದೆ. ಫ್ಯಾಕ್ಟರಿಯ ಬಣ್ಣ ಅಷ್ಟು ಬೇಗ ಜಗ್ಗುವುದಿಲ್ಲ. ರಸ್ತೆ ಬದಿಯಲ್ಲಿ ಮೆತ್ತಿದ್ದು ಜಗ್ಗುತ್ತದೆ. ನಾನು ಮೊದಲು ಚಕ್ರಕ್ಕೆ ಹೊಡೆದೆ, ಮುಂದಿನ ಬಾಗಿಲಿಗೆ ಹೊಡೆದೆ, ಅನುಮಾನ ಬರದ ಹಾಗೆ. ಆಮೇಲೆ ಎರಡು ಹೆಜ್ಜೆ ಮುಂದೆ ಹೋಗಿ, ಪೈಪಿನ ಮೂತಿಯನ್ನು ಆ ಗೆರೆಗೆ ನಾಲ್ಕು ಬೆರಳು ಹತ್ತಿರ ತಂದು ಹಿಡಿಕೆ ಒತ್ತಿದೆ.

ಮೊದಲು ಬಣ್ಣದ ಸಿಪ್ಪೆ ಎದ್ದಿತು. ಆಮೇಲೆ ಪುಟ್ಟಿ ಹೆಪ್ಪು ಹೆಪ್ಪಾಗಿ ಕಳಚಿ ಕಾಲ ಬುಡಕ್ಕೆ ಬಿತ್ತು. ಅಂಗೈ ಅಗಲದ ತುಂಡುಗಳು, ಎರಡು ಬೆರಳು ದಪ್ಪ. ಅದರ ಹಿಂದೆ ತುಕ್ಕು ಹಿಡಿದ ತಗಡು, ಮುದುರಿ ಒಳಗೆ ಹೋಗಿದ್ದು. ತೂತಿಗೆ ಜಾಲರಿಯ ತುಂಡು ಬೇರೆ ತುರುಕಿದ್ದರು. ಕೆಂಪು ನೀರು ಇಳಿಯಿತು. ನನಗೆ ನಗು ಬಂತು, ಅಳುವೂ ಬಂತು, ಒತ್ತುತ್ತಲೇ ಇದ್ದೆ. ಗಾಜಿನ ಹಿಂದಿನ ಜನ ಲೋಟ ಹಿಡಿದುಕೊಂಡೇ ಎದ್ದು ಬಂದರು. ಒಂದು ಹೆಂಗಸು ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದಳು.

ಕಾರಿನವನು ಏನೋ ಕಿರುಚಿದ. ಪಂಪಿನ ಸದ್ದಿನಲ್ಲಿ ಬರೀ ಬಾಯಿ ಕಾಣಿಸಿತು. ಫೋಟೋದವನು ಕ್ಯಾಮೆರಾ ಎತ್ತಿ ಒಂದು ಫೋಟೋ ತೆಗೆದ, ಇನ್ನೊಂದು ತೆಗೆದ. ಅವನ ಕೆಲಸವೇ ಅದು. ಇಸ್ತ್ರಿ ಓಡಿಬಂದು ಫೋಟೋದವನ ಮುಂದೆ ಕೈ ಅಡ್ಡ ಹಿಡಿದ. ಆಮೇಲೆ ನನ್ನ ಕಡೆ ತಿರುಗಿದ.

“ಬಿಡೇ ಪೈಪು, ಬೋಳಿ. ಆ ಕಾರಿನ್ ಬೆಲೆ ಗೊತ್ತೇನೇ ನಿನಗೆ?”

ಗೊತ್ತು, ನಾಳೆಯಿಂದ ನನಗೂ ಕೆಲಸವಿಲ್ಲ, ಇನ್ನೂ ಏನೇನು ಹೊರಿಸುತ್ತಾರೋ. ಪೋಲೀಸರಿಗೆ ಹೇಳಿದರೂ ಹೇಳಿಯಾರು. ಎಲ್ಲ ಗೊತ್ತಿದ್ದೇ ಒತ್ತಿದ್ದೆ. ನಾನು ಬಿಡಲಿಲ್ಲ. ಅವನು ಗೋಡೆಯ ಕಡೆ ನೋಡಿ ಓರಗಿತ್ತಿಗೆ ಕೂಗಿದ.

“ಏಯ್, ಪಂಪ್ ಆಫ್ ಮಾಡು. ನಿನ್ ಕೆಲಸ ಉಳಿಸ್ಕೊಡ್ತೀನಿ, ಆಫ್ ಮಾಡು.”

ಸ್ವಿಚ್ಚು ಅವಳ ಭುಜದ ಪಕ್ಕದಲ್ಲೇ ಇತ್ತು. ಅವಳು ಸ್ವಿಚ್ಚು ನೋಡಿದಳು, ನನ್ನನ್ನು ನೋಡಿದಳು. ನಾನು ಗಾಜಿನ ಕೋಣೆಯಲ್ಲಿ ಎಷ್ಟು ಹೊತ್ತು ಯೋಚಿಸಿದೆನೋ ಅದರ ಕಾಲು ಭಾಗವೂ ಅವಳು ಯೋಚಿಸಲಿಲ್ಲ. ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದು ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತಳು.

“ನೀನೇ ಬಾರೋ,” ಎಂದಳು. “ಬಂದು ಆಫ್ ಮಾಡ್ಕೋ.”

ಇಸ್ತ್ರಿ ಅವಳ ಕಡೆಗೆ ನಡೆದ. ನಾನು ಪೈಪನ್ನು ಬಾಗಿಲಿನಿಂದ ತೆಗೆದು ಅವರಿಬ್ಬರ ನಡುವಿನ ನೆಲಕ್ಕೆ ಹಿಡಿದೆ. ಅವನ ಬೂಟಿನ ಮುಂದೆ ಒಂದು ಗೇಣು ದೂರದಲ್ಲಿ ನೀರು ಸಿಮೆಂಟನ್ನು ಕೊರೆಯುತ್ತಿತ್ತು. ಅವನು ನಿಂತ. ನನ್ನ ಕೈ ನೋಯುತ್ತಿತ್ತು, ಹಿಡಿಕೆ ಸಡಿಲಿಸಲಿಲ್ಲ.