ಬ್ಲ್ಯಾಂಕ್ ಓಡಿಸಿದ್ಯಾ?

ಮೂವತ್ತು ದಾಟಿದರೂ ದೊಡ್ಡಮ್ಮನಿಗೆ ಅವಳು ಪುಟ್ಟಿಯೇ. ಲ್ಯಾಬಿನಲ್ಲಿ ಗಿಡಗಳ ಒಳಗುಟ್ಟು ಹುಡುಕುವ ಈ ಪುಟ್ಟಿ, ದೊಡ್ಡಮ್ಮ ಮಂಡಿನೋವಿಗೆ ಕಟ್ಟಿಕೊಳ್ಳುವ ಎಲೆಯನ್ನೇ ಅರೆದು, ಸಾಲ್ವೆಂಟ್ ಎಂಬ ಕರಗಿಸುವ ದ್ರವದಲ್ಲಿ ನೆನೆಸಿ, ಸೋಸಿ ಯಂತ್ರಕ್ಕೆ ಹಾಕಿದ್ದಳು. ಒಂದು ಯಂತ್ರ ಆ ರಸದಲ್ಲಿರುವ ವಸ್ತುಗಳನ್ನು ಒಂದೊಂದಾಗಿ ಬೇರ್ಪಡಿಸುತ್ತದೆ. ಅದಕ್ಕೆ ಜೋಡಿಸಿದ ಇನ್ನೊಂದು, ಒಂದೊಂದರ ತೂಕ ನೋಡಿ ಗುರುತು ಹಿಡಿಯುತ್ತದೆ. ಒಂದೊಂದು ವಸ್ತುವಿಗೂ ಪರದೆಯ ಗೆರೆಯಲ್ಲಿ ಒಂದೊಂದು ಶಿಖರ ಏಳುತ್ತದೆ; ಅಂಥ ಒಂದು ಪೀಕ್ ನೆಟ್ಟಗೆ ಎದ್ದು ನಿಂತಿತು. ಗಿಡಗಳಲ್ಲಿ ಅಂಥದ್ದನ್ನು ಯಾರೂ ಕಂಡಿರಲಿಲ್ಲ.

"ನಿನ್ನ ಎಲೇಲಿ ಹೊಸ ವಸ್ತು ಸಿಕ್ಕಿದೆ ದೊಡ್ಡಮ್ಮ, ಅದಕ್ಕೆ ನಿನ್ನ ಹೆಸರೇ ಇಡ್ತೀನಿ" ಎಂದು ಅವತ್ತೇ ಫೋನ್ ಮಾಡಿದಳು. ದೊಡ್ಡಮ್ಮ ಬೀದಿಗೆಲ್ಲ ಡಂಗುರ ಸಾರಿದಳು.

ಎಲೆಯ ರಸ ಸೇರಿಸದೆ ಬರೀ ಸಾಲ್ವೆಂಟನ್ನೂ ಒಮ್ಮೆ ಓಡಿಸಿ ನೋಡಬೇಕು. ಅದಕ್ಕೆ ಬ್ಲ್ಯಾಂಕ್ ಎನ್ನುತ್ತಾರೆ. ಪೀಕ್ ಎಲೆಯದೋ ಬೇರೆಲ್ಲಿಂದಲೋ ಬಂದದ್ದೋ ತಿಳಿಯುವುದು ಹಾಗೆ. ಈ ಕಸುಬಿನ ಅ ಆ ಇ ಈ ಅದು. "ಬ್ಲ್ಯಾಂಕ್ ಓಡಿಸಿದ್ಯಾ?" ಎಂದು ಲ್ಯಾಬ್ ನಡೆಸುವ ಮೇಷ್ಟ್ರು ಕೇಳಿದಾಗ "ಆಯ್ತು ಸರ್" ಎಂದಿದ್ದಳು. ಆಗಿರಲಿಲ್ಲ. ಯಂತ್ರದ ಸರದಿ ಉದ್ದವಿತ್ತು, ಇವಳಿಗೆ ಹೊಸದು ಕಂಡ ಅಮಲು.

ಇವತ್ತು ಮೇಷ್ಟ್ರು ವಿಜ್ಞಾನ ಪತ್ರಿಕೆಗೆ ಪ್ರಬಂಧ ಕಳಿಸುವ ದಿನ. ಅದರಲ್ಲಿ ಹಾಕಲು ಚಿತ್ರ ಬೇಕಲ್ಲ ಎಂದು ಬೆಳಿಗ್ಗೆ ಬ್ಲ್ಯಾಂಕ್ ಓಡಿಸಿದಳು. ಅದೇ ಜಾಗ, ಅದೇ ತೂಕ, ಅದೇ ಪೀಕ್. ಪ್ಲಾಸ್ಟಿಕ್ಕಿನಲ್ಲಿರುವ ವಸ್ತುಗಳ ಪಟ್ಟಿಯಲ್ಲಿ ಹುಡುಕಿದರೆ ತಕ್ಷಣ ಗುರುತು ಸಿಕ್ಕಿತು. ಸಾಲ್ವೆಂಟ್ ತುಂಬಿಟ್ಟಿದ್ದ ಮೆತ್ತನೆಯ ಪ್ಲಾಸ್ಟಿಕ್ ಬಾಟಲಿಯಿಂದ ಕರಗಿ ಬಂದ ವಸ್ತು.

ಲ್ಯಾಬಿನಿಂದ ನೇರ ದೊಡ್ಡಮ್ಮನ ಮನೆಗೆ ಹೋಗಿ ಎಲ್ಲವನ್ನೂ ಹೇಳಿ ತಲೆ ತಗ್ಗಿಸಿದಳು.

ದೊಡ್ಡಮ್ಮ ಬಿದ್ದು ಬಿದ್ದು ನಕ್ಕಳು. "ಅಂದ್ರೆ ಬಾಟಲಿಗೆ ನನ್ನ ಹೆಸರು ಇಡ್ತಿದ್ದೆ ಅನ್ನು! ಪಕ್ಕದ್ಮನೆಯವಳಿಗೆ ಹೇಗೆ ಮುಖ ತೋರಿಸ್ಲಿ?" ಆಮೇಲೆ ನಗು ನಿಂತಿತು. "ಮೇಷ್ಟ್ರಿಗೆ ಹೇಳಿದ್ಯಾ?"

"ಇಲ್ಲ."

"ಮತ್ತೆ ಮೊದ್ಲು ನನ್ನ ಹತ್ರ ಯಾಕೆ ಬಂದೆ? ನಾನು ಬೈಯಲ್ಲ ಅಂತ ತಾನೆ?"

ಹೌದೆಂದು ಪುಟ್ಟಿ ತಲೆಯಾಡಿಸಿದಳು. ಬಾಟಲಿಯದೇನು ತಪ್ಪು, "ಆಯ್ತು ಸರ್" ಎಂದದ್ದು ತಾನೇ. ದೊಡ್ಡಮ್ಮ ಫೋನನ್ನು ಅವಳ ಕೈಗೆ ತುರುಕಿದಳು.

"ಹೇಳಮ್ಮ" ಎಂದರು ಮೇಷ್ಟ್ರು, ಖುಷಿಯಲ್ಲಿ. "ಇನ್ನೇನು ಕಳಿಸ್ತಿದ್ದೆ. ನಿನ್ನ ಹೆಸರು ಮೊದ್ಲು ಹಾಕಿದೀನಿ, ನನ್ನದು ಕೊನೇಲಿ. ಬ್ಲ್ಯಾಂಕಿನ ಚಿತ್ರ ಆಮೇಲೆ ಕೊಡು ಪರವಾಗಿಲ್ಲ. ನೀನು ಓಡಿಸಿದೀನಿ ಅಂದ್ಮೇಲೆ ಮುಗೀತು."

"ಕಳಿಸಬೇಡಿ ಸರ್. ನಾನು ಓಡಿಸಿರಲಿಲ್ಲ. ಸುಳ್ಳು ಹೇಳಿದ್ದೆ."

ಬೈಗುಳ ಬರಲೆಂದು ಕಣ್ಣು ಮುಚ್ಚಿ ಕಾದಳು. ಬೈದಿದ್ದರೆ ಹಗುರಾಗುತ್ತಿತ್ತೇನೋ.

"ಆಯ್ತಮ್ಮ" ಎಂದಷ್ಟೇ ಹೇಳಿ ಮೇಷ್ಟ್ರು ಫೋನ್ ಇಟ್ಟರು.